ರೋಗಿಯ ಕಡೆಯವರು

ನಮ್ಮ ನಾಡಿನ ಯಾವುದಾದರೊಂದು ಜಿಲ್ಲಾ ಆಸ್ಪತ್ರೆಯ ಅಂಗಳದಲ್ಲಿ ಬೆಳಗಿನ ಆರು ಗಂಟೆಗೆ ಹೋಗಿ ನಿಂತರೆ, ಕಟ್ಟಡದ ಒಳಗಿರುವ ಆಸ್ಪತ್ರೆಯಲ್ಲದೆ ಇನ್ನೊಂದು ಆಸ್ಪತ್ರೆ ಹೊರಗೆ ಎಚ್ಚರಗೊಳ್ಳುತ್ತಿರುವುದು ಕಾಣುತ್ತದೆ. ಹೊಂಗೆಯ ಮರದ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಚಾಪೆ ಸುತ್ತುತ್ತಿರುತ್ತಾಳೆ. ನಲ್ಲಿಯ ಮುಂದೆ ಬಕೆಟ್ಟು, ಚೊಂಬು, ಖಾಲಿ ಬಾಟಲಿಗಳ ಸಾಲು ಬೆಳೆದಿರುತ್ತದೆ. ಕಾಂಪೌಂಡಿನ ಗೋಡೆಯ ಮೇಲೆ ಸೀರೆ, ಟವೆಲು, ಎಳೆಮಗುವಿನ ಬಟ್ಟೆಗಳು ಒಣಗುತ್ತಿರುತ್ತವೆ. ಗೇಟಿನ ಹೊರಗೆ ಇಡ್ಲಿಯ ಗಾಡಿಯಿಂದ ಆವಿ ಏಳುತ್ತಿರುವಾಗ, ಫ್ಲಾಸ್ಕು ಹಿಡಿದ ಹುಡುಗನೊಬ್ಬನು ಬಿಸಿನೀರಿಗಾಗಿ ಚಹದಂಗಡಿಯವನನ್ನು ಕೇಳಿಕೊಳ್ಳುತ್ತಿರುತ್ತಾನೆ. ಇವರಲ್ಲಿ ಯಾರಿಗೂ ರೋಗವಿಲ್ಲ. ಆಸ್ಪತ್ರೆಯ ದಾಖಲೆಗಳಲ್ಲಿ ಇವರ ಹೆಸರೂ ಇಲ್ಲ. ಆದರೆ ಇವರೆಲ್ಲರೂ ಒಂದು ದಿನ ಒಟ್ಟಾಗಿ ಊರಿಗೆ ಹೊರಟುಹೋದರೆ, ಒಳಗಿನ ಆಸ್ಪತ್ರೆಯ ಕೆಲಸ ಮಧ್ಯಾಹ್ನದೊಳಗೆ ನಿಂತುಹೋಗುವುದರಲ್ಲಿ ಸಂದೇಹವಿಲ್ಲ.

ವಾರ್ಡಿನ ಬಾಗಿಲಿಗೆ ಬಂದು ದಾದಿಯರು "ಹನ್ನೆರಡನೇ ಬೆಡ್ಡಿನ ಕಡೆಯವರು ಯಾರ್ರೀ?" ಎಂದು ಕೂಗುವುದನ್ನು ವಾಚಕರು ಕೇಳಿರಬಹುದು. ಕಡೆಯವರು ಎಂಬುದು ಚೆನ್ನಾದ ಮಾತು. ಪಕ್ಷದವರು, ಸೇರಿದವರು ಎಂದು ಅದರ ಅರ್ಥ. ಕೊನೆಯವರು ಎಂಬ ಅರ್ಥವೂ ಅದಕ್ಕೆ ಉಂಟು. ಆಸ್ಪತ್ರೆಗಳನ್ನು ಕಟ್ಟಿಸುವವರು ಈ ಎರಡನೆಯ ಅರ್ಥವನ್ನೇ ಹಿಡಿದಿರುವಂತೆ ತೋರುತ್ತದೆ. ಆಸ್ಪತ್ರೆಯ ಗಾತ್ರವನ್ನು ನಾವು ಹಾಸಿಗೆಗಳ ಲೆಕ್ಕದಲ್ಲಿ ಹೇಳುತ್ತೇವೆ: ಇದು 100 ಹಾಸಿಗೆಯ ಆಸ್ಪತ್ರೆ, ಅದು 400 ಹಾಸಿಗೆಯದು. ಆದರೆ 100 ಹಾಸಿಗೆಯ ರೋಗಿಗಳೊಡನೆ ಬರುವವರು ಎಷ್ಟು ಮಂದಿ, ರಾತ್ರಿ ಅವರು ಎಲ್ಲಿ ಒರಗಬೇಕು, ಎಲ್ಲಿ ಸ್ನಾನ ಮಾಡಬೇಕು, ಏನು ಉಣ್ಣಬೇಕು ಎಂಬ ಲೆಕ್ಕವು ನಕ್ಷೆಯಲ್ಲಿ ಕಾಣುವುದು ಅಪರೂಪ. ರೋಗಿಯ ಕಡೆಯವರು ಆಸ್ಪತ್ರೆಯ ಒಂದು ಅಂಗವೆಂದೂ, ಅವರ ಇರವು ಚಿಕಿತ್ಸೆಯ ಫಲವನ್ನೇ ಬದಲಾಯಿಸಬಲ್ಲುದೆಂದೂ, ಆದುದರಿಂದ ಅವರಿಗೆ ಬೇಕಾದ ಜಾಗ, ನೀರು, ಅನ್ನ, ತಿಳಿವಳಿಕೆಗಳನ್ನು ಚಿಕಿತ್ಸೆಯ ವೆಚ್ಚದಲ್ಲಿಯೇ ಸೇರಿಸಬೇಕೆಂದೂ ನನ್ನ ಅಭಿಪ್ರಾಯ. ದಯಾಗುಣವುಳ್ಳವರು ಇದನ್ನು ಒಪ್ಪಲು ಕಾರಣಗಳನ್ನು ಕೇಳಲಾರರು. ಉಳಿದವರಿಗಾಗಿ ವಿಜ್ಞಾನವು ಕೆಲವು ಕಾರಣಗಳನ್ನು ಕೂಡಿಟ್ಟಿದೆ. ಅವುಗಳನ್ನು ಹೇಳುವುದೇ ಈ ಲೇಖನದ ಉದ್ದೇಶ.

ಕಡೆಯವರು ಮಾಡುವ ಕೆಲಸವೇನು? ವೈದ್ಯರು ಬರೆದ ಚೀಟಿಯನ್ನು ಔಷಧದಂಗಡಿಗೆ ಒಯ್ಯುವುದು, ರಕ್ತದ ಸೀಸೆಯನ್ನು ಪ್ರಯೋಗಶಾಲೆಗೆ ಮುಟ್ಟಿಸುವುದು, ಸ್ಕ್ಯಾನಿನ ಸರದಿಯಲ್ಲಿ ನಿಲ್ಲುವುದು, ಗಾಲಿಕುರ್ಚಿ ತಳ್ಳುವುದು, ರಕ್ತ ಕೊಡುವವರನ್ನು ಹುಡುಕುವುದು. ಇವು ಕಣ್ಣಿಗೆ ಬೀಳುವ ಕೆಲಸಗಳು. ಕಣ್ಣಿಗೆ ಬೀಳದವು ಇನ್ನೂ ಹೆಚ್ಚು. ಗಂಜಿಯನ್ನು ಆರಿಸಿ ಚಮಚದಲ್ಲಿ ಕುಡಿಸುವುದು, ಮಲಗಿದಲ್ಲಿಯೇ ಇರುವವರ ಮಗ್ಗುಲು ಬದಲಾಯಿಸಿ ಬೆನ್ನಿನಲ್ಲಿ ಹುಣ್ಣಾಗದಂತೆ ನೋಡಿಕೊಳ್ಳುವುದು, ಮಲಮೂತ್ರಗಳನ್ನು ತೆಗೆಯುವುದು, ಡ್ರಿಪ್ಪಿನ ಬಾಟಲಿ ಬರಿದಾಗುವ ಮೊದಲೇ ದಾದಿಯನ್ನು ಎಬ್ಬಿಸುವುದು. ಕೊನೆಗೆ ಮನೆಗೆ ಹೋದ ಮೇಲೆ ಯಾವ ಗುಳಿಗೆಯನ್ನು ಯಾವ ಹೊತ್ತಿಗೆ ಕೊಡಬೇಕೆಂಬುದನ್ನು ನೆನಪಿನಲ್ಲಿಡುವವರೂ ಇವರೇ. ಇಷ್ಟನ್ನೂ ಸಂಬಳಕ್ಕೆ ಮಾಡಿಸಿಕೊಳ್ಳುವುದಾದರೆ ಆಸ್ಪತ್ರೆಗೆ ಎಷ್ಟು ಮಂದಿ ಬೇಕಾದೀತು?

ಕೆಲವು ವರ್ಷಗಳ ಹಿಂದೆ ನನ್ನ ತಂದೆಯವರೊಡನೆ ಒಂದು ಸರಕಾರಿ ಆಸ್ಪತ್ರೆಯಲ್ಲಿ ಹನ್ನೊಂದು ರಾತ್ರಿಗಳನ್ನು ಕಳೆದೆನು. ರಾತ್ರಿ ಎಂಟಕ್ಕೆ ಕಾವಲುಗಾರನು ಬಂದು ನಮ್ಮನ್ನೆಲ್ಲ ವಾರ್ಡಿನಿಂದ ಹೊರಡಿಸುವನು. ಹತ್ತಕ್ಕೆ ಒಳಗಿನಿಂದ ಚೀಟಿ ಬರುವುದು, ಇಂಥ ಇಂಜೆಕ್ಷನ್ನು ಕೂಡಲೇ ತರಬೇಕೆಂದು. ಹೊರಗೆ ಇರಬೇಕು, ಕರೆದ ಕೂಡಲೇ ಒಳಗೂ ಇರಬೇಕು! ಒಂದು ರಾತ್ರಿ ಪಕ್ಕದ ಮಂಚದ ರೋಗಿಯ ಅಕ್ಕ, ಹಾವೇರಿಯ ಕಡೆಯ ಹೆಂಗಸು, ಕಾವಲುಗಾರನ ಕಣ್ಣು ತಪ್ಪಿಸಿ ಮಂಚದ ಕೆಳಗೆ ಮಲಗಿದ್ದಳು. ನಡುರಾತ್ರಿಯಲ್ಲಿ ಎದ್ದು ನೋಡಿದಾಗ ನನ್ನ ತಂದೆಯವರ ಮುಂಗೈ ಊದಿಕೊಂಡು ಬಿಳಿಚಿದ್ದುದು ಅವಳಿಗೆ ಕಂಡಿತು. ಸೂಜಿಯು ರಕ್ತನಾಳದಿಂದ ಜಾರಿ, ಔಷಧವೆಲ್ಲ ಮಾಂಸದೊಳಕ್ಕೆ ಇಳಿಯುತ್ತಿತ್ತು. ಆ ಪಾಳಿಯಲ್ಲಿದ್ದ ಒಬ್ಬರೇ ದಾದಿ ಇನ್ನೊಂದು ಕೋಣೆಯಲ್ಲಿ ಹೆಚ್ಚು ಕಷ್ಟದಲ್ಲಿದ್ದ ರೋಗಿಯ ಬಳಿ ಇದ್ದರು, ಅವರನ್ನು ದೂರುವಂತಿರಲಿಲ್ಲ. ಆ ಅಕ್ಕ ಓದು ಬಲ್ಲವಳಲ್ಲ. ಆದರೆ ಆರು ದಿನಗಳಿಂದ ತನ್ನ ತಮ್ಮನ ಕೈಯನ್ನು ನೋಡಿ ನೋಡಿ, ಸರಿಯಾದ ಕೈ ಹೇಗಿರುತ್ತದೆ, ತಪ್ಪಿದ ಕೈ ಹೇಗಿರುತ್ತದೆ ಎಂಬುದನ್ನು ಕಲಿತುಬಿಟ್ಟಿದ್ದಳು. ವೀಕ್ಷಣೆಯೇ ವಿಜ್ಞಾನದ ಮೊದಲ ಮೆಟ್ಟಿಲೆಂದು ನಾವು ಪಾಠಶಾಲೆಯಲ್ಲಿ ಓದುತ್ತೇವಷ್ಟೆ.

ಆ ಹನ್ನೊಂದು ದಿನಗಳಲ್ಲಿ ಅಂಗಳದ ಸಂಸಾರವನ್ನೂ ಕಂಡೆನು. ಹೊಸದಾಗಿ ಬಂದವರಿಗೆ ಹಳಬರೇ ದಾರಿ ತೋರುವರು: ಯಾವ ಕಿಟಕಿಯಲ್ಲಿ ಚೀಟಿ ಮಾಡಿಸಬೇಕು, ಯಾವ ನಲ್ಲಿಯ ನೀರು ಕುಡಿಯಲು ಯೋಗ್ಯ, ಯಾವ ಆಟೋದವನು ಹೆಚ್ಚು ಕೇಳುವುದಿಲ್ಲ. ಊರಿನಲ್ಲಾಗಿದ್ದರೆ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟದವರು, ಇಲ್ಲಿ ಒಂದೇ ಪೊಟ್ಟಣದ ಚಿತ್ರಾನ್ನವನ್ನು ಹಂಚಿಕೊಳ್ಳುವರು. ರೋಗಿ ಗುಣವಾಗಿ ಮನೆಗೆ ಹೊರಟಾಗ ಬಕೆಟ್ಟು, ಚಾಪೆ, ಮಗ್ಗುಗಳನ್ನು ಹಿಂದೆ ಉಳಿದವರಿಗೆ ಕೊಟ್ಟುಹೋಗುವ ಪದ್ಧತಿಯೂ ಅಲ್ಲಿ ಇತ್ತು. ನಮಗೆ ಸಿಕ್ಕಿದ ನೀಲಿಯ ಬಕೆಟ್ಟು ಮೂರನೆಯ ಕೈಯದು. ರೋಗಿ ತೀರಿಕೊಂಡ ಮನೆಯವರು ಮಾತ್ರ ಯಾರಿಗೂ ಏನನ್ನೂ ಕೊಡುತ್ತಿರಲಿಲ್ಲ; ಗೋಡೆಯ ಬದಿಗೆ ಇಟ್ಟುಹೋಗುತ್ತಿದ್ದರು.

ಗೇಟಿನ ಎದುರಿನ ಅಂಗಡಿಗಳ ಸಾಲನ್ನೂ ಗಮನಿಸಬೇಕು. ಔಷಧದಂಗಡಿ, ಎಳನೀರು, ಬ್ರೆಡ್ಡು ಬನ್ನುಗಳ ನಡುವೆ ಚಾಪೆ, ಬಕೆಟ್ಟು, ಹೊದಿಕೆ, ಫ್ಲಾಸ್ಕು, ಸೋಪುಗಳನ್ನು ಒಂದೆಡೆ ನೇತುಹಾಕಿ ಮಾರುವ ಅಂಗಡಿಯೊಂದು ಇದ್ದೇ ಇರುತ್ತದೆ. ಆಸ್ಪತ್ರೆಯಲ್ಲಿ ಏನೇನು ಇಲ್ಲವೆಂಬುದರ ಪಟ್ಟಿಯನ್ನು ಅಷ್ಟು ಕರಾರುವಾಕ್ಕಾಗಿ ಬೇರೆ ಯಾರೂ ಬರೆದಿಟ್ಟಿಲ್ಲ.

ಕಡೆಯವರನ್ನು ಹೊರಗಿಡುವ ಪದ್ಧತಿ ನಮಗೆ ಎಲ್ಲಿಂದ ಬಂತು? ಉದ್ದನೆಯ ವಾರ್ಡು, ಎರಡು ಸಾಲು ಕಬ್ಬಿಣದ ಮಂಚಗಳು, ಸಂಜೆ ಒಂದೆರಡು ಗಂಟೆಗಳ ಭೇಟಿಯ ವೇಳೆ, ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಹೊರಗೆ: ಈ ಏರ್ಪಾಡು ಬ್ರಿಟಿಷರ ಕಾಲದಲ್ಲಿ ನಮ್ಮಲ್ಲಿಗೆ ಬಂದುದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯು 1900ರಲ್ಲಿ ತೆರೆದಾಗ ಇಂಗ್ಲೆಂಡಿನಲ್ಲಿ ಇದೇ ಪದ್ಧತಿ ನಡೆಯುತ್ತಿದ್ದಿತು. ಅಲ್ಲಿ ಮಕ್ಕಳ ವಾರ್ಡುಗಳಿಗೂ ತಾಯಂದಿರನ್ನು ಬಿಡುತ್ತಿದ್ದುದು ಅಪರೂಪ. ತಾಯಿ ಬಂದು ಹೋದರೆ ಮಗು ಅಳುತ್ತದೆ, ಬಾರದಿದ್ದರೆ ಕೆಲವು ದಿನಗಳಲ್ಲಿ ಸುಮ್ಮನಾಗುತ್ತದೆ ಎಂಬುದು ಅವರ ತರ್ಕ. ನ್ಯೂಕ್ಯಾಸಲ್ ನಗರದ ಜೇಮ್ಸ್ ಸ್ಪೆನ್ಸ್ ಎಂಬ ಮಕ್ಕಳ ವೈದ್ಯರು 1920ರ ದಶಕದಲ್ಲಿಯೇ ತಾಯಂದಿರನ್ನೂ ಶಿಶುಗಳೊಡನೆ ಆಸ್ಪತ್ರೆಯಲ್ಲಿ ಇರಿಸಿಕೊಂಡರೂ ಬಹುಮಂದಿ ಅವರನ್ನು ಅನುಸರಿಸಲಿಲ್ಲ. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬುವರು, ಎರಡು ವರ್ಷದ ಹೆಣ್ಣುಮಗುವೊಂದು ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿ ಒಂಟಿಯಾಗಿ ಕಳೆದುದನ್ನು ಚಲನಚಿತ್ರವಾಗಿ ತೆಗೆದು ಲಂಡನ್ನಿನ ವೈದ್ಯರಿಗೆ ತೋರಿಸಿದರು. ಮಗು ಸುಮ್ಮನಾಗುವುದೆಂದರೆ ಏನೆಂಬುದು ಆ ಚಿತ್ರದಲ್ಲಿ ಕಾಣುತ್ತಿದ್ದಿತು: ಅದು ಸಮಾಧಾನವಾಗಿರಲಿಲ್ಲ, ಆಸೆ ಬಿಟ್ಟ ಮೌನವಾಗಿತ್ತು. ನೋಡಿದ ವೈದ್ಯರಲ್ಲಿ ಅನೇಕರು ಚಿತ್ರ ತೆಗೆದವರ ಮೇಲೆಯೇ ಕೋಪಗೊಂಡರಂತೆ. ಆದರೂ 1959ರಲ್ಲಿ ಅಲ್ಲಿನ ಸರಕಾರದ ಪ್ಲಾಟ್ ಸಮಿತಿಯು, ತಂದೆತಾಯಿಗಳ ಭೇಟಿಗೆ ವೇಳೆಯ ಕಟ್ಟು ಇರಬಾರದೆಂದೂ, ಎಳೆಯ ಮಕ್ಕಳೊಡನೆ ತಾಯಿಯೂ ಉಳಿಯಲು ಅವಕಾಶವಿರಬೇಕೆಂದೂ ವರದಿ ಮಾಡಿತು. ಕಲಿಸಿದವರು ಪಾಠವನ್ನು ತಿದ್ದಿಕೊಂಡರು. ನಾವು ಹಳೆಯ ಪಾಠವನ್ನು ಇನ್ನೂ ಒಪ್ಪಿಸುತ್ತಿದ್ದೇವೆ.

ಇಲ್ಲಿಯವರೆಗೆ ಹೇಳಿದುದು ಮನಸ್ಸಿನ ಮಾತಾಯಿತು. ಈಗ ಪ್ರಾಣದ ಮಾತಿಗೆ ಬರೋಣ.

ಅವಧಿಗೆ ಮೊದಲೇ ಹುಟ್ಟಿದ, ತೂಕ ಕಡಮೆಯಾದ ಶಿಶುವಿಗೆ ಮೊದಲ ಶತ್ರು ಚಳಿ. ಕಾರಣವನ್ನು ವಿದ್ಯಾರ್ಥಿಗಳು ತಾವೇ ಊಹಿಸಬಹುದು. ವಸ್ತು ಚಿಕ್ಕದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು. ಉಷ್ಣವು ನಷ್ಟವಾಗುವುದು ಹೊರಮೈಯಿಂದ. ಚಿಕ್ಕ ಲೋಟದ ಕಾಫಿ ದೊಡ್ಡ ಪಾತ್ರೆಯ ಕಾಫಿಗಿಂತ ಬೇಗ ಆರುವುದೂ ಇದರಿಂದಲೇ. ಇದರ ಮೇಲೆ ಅಂಥ ಶಿಶುವಿನ ಚರ್ಮದಡಿಯಲ್ಲಿ ಕೊಬ್ಬಿನ ಪದರವಿಲ್ಲ; ಚರ್ಮ ತೆಳ್ಳಗಿರುವುದರಿಂದ ಮೈಯ ನೀರೂ ಆವಿಯಾಗಿ ಹೋಗುತ್ತದೆ. ಮೈಯನ್ನು ಬೆಚ್ಚಗಿಡಲು ಮಗು ತನ್ನಲ್ಲಿರುವ ಅಲ್ಪಸ್ವಲ್ಪ ಸಕ್ಕರೆಯನ್ನೂ ಆಮ್ಲಜನಕವನ್ನೂ ವೆಚ್ಚ ಮಾಡುತ್ತದೆ. ಅದು ಮುಗಿದಾಗ ಉಸಿರು ಸೋಲುತ್ತದೆ. ಇದಕ್ಕೆ ವೈದ್ಯರು ಕಂಡ ಉಪಾಯ ಇನ್‌ಕ್ಯುಬೇಟರ್ ಎಂಬ ಬೆಚ್ಚನೆಯ ಗಾಜಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಮಗು, ಹೊರಗೆ ಬಾಗಿಲಿನಾಚೆ ತಾಯಿ.

1970ರ ದಶಕದ ಕೊನೆಯಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಶಿಶುಗಳು ಹೆಚ್ಚಾಗಿ, ಪೆಟ್ಟಿಗೆಗಳು ಕಡಮೆಯಾಗಿ, ಒಂದೊಂದರಲ್ಲಿ ಎರಡು ಮೂರು ಶಿಶುಗಳನ್ನು ಮಲಗಿಸಬೇಕಾಗಿತ್ತು. ನಂಜು ಒಂದರಿಂದ ಒಂದಕ್ಕೆ ಹರಡುತ್ತಿದ್ದಿತು. ಅಲ್ಲಿನ ಎಡ್ಗರ್ ರೇ ಎಂಬ ವೈದ್ಯರು ಶಿಶುವನ್ನು ತಾಯಿಯ ಬರಿ ಎದೆಗೆ ನೇರವಾಗಿ ಕಟ್ಟಿಬಿಡುವ ಏರ್ಪಾಡು ಮಾಡಿದರು. ಕಾಂಗರೂ ತನ್ನ ಮರಿಯನ್ನು ಚೀಲದಲ್ಲಿಟ್ಟುಕೊಳ್ಳುವಂತೆ ಕಂಡುದರಿಂದ ಇದಕ್ಕೆ ಕಾಂಗರೂ ತಾಯಿ ಆರೈಕೆ ಎಂದು ಹೆಸರಾಯಿತು. ಬಡತನದ ಉಪಾಯವೆಂದು ಬಹುಕಾಲ ಇದನ್ನು ಎಣಿಸುತ್ತಿದ್ದರು. ಮಗುವಿನ ಸ್ಥಿತಿ ಸುಧಾರಿಸಿ, ಪೆಟ್ಟಿಗೆಯಿಂದ ಹೊರಗೆ ತೆಗೆಯಬಹುದಾದ ಮೇಲೆ ಮಾತ್ರ ಇದನ್ನು ಮಾಡಿಸುವುದು ವಾಡಿಕೆಯಾಗಿತ್ತು.

ಹುಟ್ಟಿದ ಕೂಡಲೇ ಮಾಡಿಸಿದರೆ ಹೇಗೆ? ಈ ಪ್ರಶ್ನೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ಘಾನಾ, ಭಾರತ, ಮಲಾವಿ, ನೈಜೀರಿಯಾ, ಟಾಂಜಾನಿಯಾಗಳ ಐದು ಆಸ್ಪತ್ರೆಗಳಲ್ಲಿ ಪರೀಕ್ಷಿಸಿತು. ಭಾರತದಲ್ಲಿ ಈ ಕೆಲಸ ನಡೆದುದು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ. ಹುಟ್ಟಿದಾಗ 1 ಕಿಲೋಗ್ರಾಮಿನಿಂದ 1.8 ಕಿಲೋಗ್ರಾಮಿನೊಳಗೆ ತೂಗುತ್ತಿದ್ದ 3,211 ಶಿಶುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಶಿಶುಗಳಿಗೆ ಎಂದಿನ ಆರೈಕೆ. ಇನ್ನೊಂದು ಗುಂಪಿಗಾಗಿ ತೀವ್ರ ನಿಗಾ ಘಟಕದೊಳಗೇ ತಾಯಿಗೂ ಮಂಚ ಹಾಕಿ, ದಿನಕ್ಕೆ ಸುಮಾರು 17 ಗಂಟೆಗಳ ಕಾಲ ಶಿಶುವು ತಾಯಿಯ, ಇಲ್ಲವೆ ಅವಳಿಗೆ ಬದಲಾಗಿ ನಿಂತ ಬಂಧುವಿನ, ಎದೆಯ ಮೇಲೆಯೇ ಇರುವಂತೆ ಮಾಡಿದರು. ಫಲವು 2021ರಲ್ಲಿ ಪ್ರಕಟವಾಯಿತು. ಎಂದಿನ ಆರೈಕೆ ಪಡೆದವರಲ್ಲಿ 28 ದಿನಗಳೊಳಗೆ ನೂರಕ್ಕೆ 15.7 ಶಿಶುಗಳು ತೀರಿಕೊಂಡಿದ್ದರೆ, ಎದೆಯ ಮೇಲಿದ್ದವರಲ್ಲಿ ನೂರಕ್ಕೆ 12. ಭಾಗಾಕಾರ ಮಾಡಿ ನೋಡಿದರೆ, ಹೀಗೆ ಆರೈಕೆ ಪಡೆದ ಪ್ರತಿ 27 ಶಿಶುಗಳಲ್ಲಿ ಒಂದು ಜೀವ ಉಳಿದಂತಾಯಿತು. ವ್ಯತ್ಯಾಸ ಅಷ್ಟು ಸ್ಪಷ್ಟವಾಗಿದ್ದುದರಿಂದ, ಇನ್ನು ಮುಂದೆ ಅರ್ಧದಷ್ಟು ಶಿಶುಗಳನ್ನು ತಾಯಿಯಿಂದ ದೂರವಿಡುವುದು ಸರಿಯಲ್ಲವೆಂದು ಮೇಲ್ವಿಚಾರಣೆಯ ಸಮಿತಿಯು ಪ್ರಯೋಗವನ್ನೇ ಅವಧಿಗೆ ಮೊದಲು ನಿಲ್ಲಿಸಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಸಲಹೆಯನ್ನು ಬದಲಾಯಿಸಿ, ಹುಟ್ಟಿದ ಕೂಡಲೇ ಇದನ್ನು ಆರಂಭಿಸಬೇಕೆಂದಿತು.

ಇಲ್ಲೊಂದು ಸ್ವಾರಸ್ಯವಿದೆ. ತಾಯಿಯನ್ನು ಹೊರಗಿಡಲು ನೂರು ವರ್ಷಗಳಿಂದ ಹೇಳುತ್ತಿದ್ದ ಕಾರಣ ಸೋಂಕಿನ ಭಯ. ಆದರೆ ತಾಯಿ ಒಳಗಿದ್ದ ಗುಂಪಿನಲ್ಲಿಯೇ ಶಿಶುಗಳಿಗೆ ನಂಜು ತಗುಲಿದ ಶಂಕೆ ಕಡಮೆಯಾಗಿತ್ತು. ಒಬ್ಬ ದಾದಿ ಹತ್ತು ಶಿಶುಗಳನ್ನು ಮುಟ್ಟುತ್ತಾಳೆ, ತಾಯಿ ತನ್ನದನ್ನು ಮಾತ್ರ ಮುಟ್ಟುತ್ತಾಳೆ. ಮೊಲೆಹಾಲೂ ಬೇಗ ಸಿಗುತ್ತದೆ. ನಮ್ಮ ಕೊಪ್ಪಳ ಜಿಲ್ಲೆಯೂ ಈ ಕಥೆಯಲ್ಲಿ ಬರುತ್ತದೆ. ಕಾಂಗರೂ ಆರೈಕೆಯನ್ನು ಒಂದು ಜಿಲ್ಲೆಯ ಉದ್ದಗಲಕ್ಕೂ ಜಾರಿಗೆ ತರುವುದು ಹೇಗೆಂಬುದನ್ನು ಅರಿಯಲು ಇಥಿಯೋಪಿಯಾದ ಮತ್ತು ಭಾರತದ ಕೆಲವು ಕಡೆ ಅಧ್ಯಯನ ನಡೆದಾಗ, ಕರ್ನಾಟಕದಲ್ಲಿ ಆರಿಸಿಕೊಂಡ ಜಿಲ್ಲೆ ಅದು. ತಂತ್ರದಲ್ಲಿ ಕಷ್ಟವೇನೂ ಇಲ್ಲ. ಒಂದು ಬಟ್ಟೆ ಸಾಕು. ಕಷ್ಟವೆಲ್ಲ ತಾಯಿಯನ್ನು ಎಲ್ಲಿ ಮಲಗಿಸಬೇಕು, ಅವಳು ಊಟಕ್ಕೆ ಹೋದಾಗ ಮಗುವನ್ನು ಎದೆಗೆ ತೆಗೆದುಕೊಳ್ಳುವವರು ಯಾರು, ಅತ್ತೆಯನ್ನೋ ಗಂಡನನ್ನೋ ವಾರ್ಡಿನೊಳಗೆ ಬಿಡಬೇಕೋ ಬೇಡವೋ ಎಂಬಲ್ಲಿ. ಎಂದರೆ ತೊಡಕು ಕಡೆಯವರ ಜಾಗದ ತೊಡಕೇ.

ಶಿಶುಗಳ ಮಾತು ಹೀಗಾದರೆ ವೃದ್ಧರ ಮಾತೂ ಬೇರೆಯಲ್ಲ. ಮನೆಯಲ್ಲಿ ಸ್ವಸ್ಥವಾಗಿ ಮಾತನಾಡುತ್ತಿದ್ದ ಅಜ್ಜ ಆಸ್ಪತ್ರೆ ಸೇರಿದ ಮೂರನೆಯ ರಾತ್ರಿ ಬಡಬಡಿಸತೊಡಗುವುದು, ಸೂಜಿ ಕಿತ್ತುಹಾಕುವುದು, ಮಗನನ್ನೇ ಗುರುತಿಸದಿರುವುದು ಅನೇಕರು ಕಂಡಿರುವ ಸಂಗತಿ. ಇದನ್ನು ಡೆಲಿರಿಯಮ್, ಎಂದರೆ ಸನ್ನಿ, ಎನ್ನುವರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಶರೊನ್ ಇನೊಯೆ ಮತ್ತು ಸಂಗಡಿಗರು 70 ವರ್ಷ ದಾಟಿದ 852 ರೋಗಿಗಳನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದಂತೆ, ಕೆಲವು ಸಣ್ಣ ಉಪಚಾರಗಳಿಂದ ಈ ಸನ್ನಿ ನೂರಕ್ಕೆ 15ರಿಂದ 9.9ಕ್ಕೆ ಇಳಿಯಿತು. ಉಪಚಾರಗಳಾವುವು? ಇದು ಯಾವ ಊರು, ಇಂದು ಯಾವ ವಾರ ಎಂದು ನೆನಪಿಸುವುದು, ಕನ್ನಡಕ ಮತ್ತು ಕಿವಿಯ ಯಂತ್ರಗಳನ್ನು ಹಿಂದಕ್ಕೆ ಕೊಡುವುದು, ನೀರು ಕುಡಿಸುವುದು, ಕೈಹಿಡಿದು ನಡೆಸುವುದು, ಮಲಗುವ ಮುನ್ನ ಬಿಸಿ ಹಾಲು ಕೊಟ್ಟು ಬೆನ್ನು ನೀವುವುದು. ಅಲ್ಲಿ ಇದಕ್ಕಾಗಿ ಸ್ವಯಂಸೇವಕರನ್ನು ತರಬೇತು ಮಾಡಬೇಕಾಯಿತು. ನಮ್ಮಲ್ಲಿ ಬೆನ್ನು ನೀವಲು ಬಂದವಳನ್ನು ಎಂಟು ಗಂಟೆಗೆ ಹೊರಗೆ ಕಳುಹಿಸುತ್ತೇವೆ! ಚೀನಾದ ಚೆಂಗ್ಡು ನಗರದಲ್ಲಿ, ಶಸ್ತ್ರಚಿಕಿತ್ಸೆಯಾದ ವೃದ್ಧರಿಗೆ ಇದೇ ಉಪಚಾರಗಳನ್ನು ಮನೆಯವರ ಕೈಯಿಂದಲೂ ಮಾಡಿಸಿ ನೋಡಿದ 2020ರ ಪ್ರಯೋಗದಲ್ಲಿ ಫಲವು ಇನ್ನೂ ಹೆಚ್ಚಾಗಿ ಕಂಡುಬಂದಿತು.

ಭಾರತದಲ್ಲಿ ಈ ವಿಚಾರ ಹೊಸದೆಂದು ತಿಳಿಯಬೇಕಾಗಿಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಚಿಕಿತ್ಸಾಲಯದಲ್ಲಿ ಡಾ. ವಿದ್ಯಾಸಾಗರ್ ಅವರು ಅಂಗಳದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಮನೆಯವರನ್ನು ಅಲ್ಲಿಯೇ ಉಳಿಸಿಕೊಂಡು ಆರೈಕೆಯಲ್ಲಿ ಸೇರಿಸಿಕೊಂಡರು. ಮನೆಯವರಿಗೆ ರೋಗದ ಭಯ ಹೋಯಿತು. ಮನೆಗೆ ಕರೆದೊಯ್ಯಲು ಅವರು ಹಿಂಜರಿಯಲಿಲ್ಲ. ವೆಲ್ಲೂರಿನಲ್ಲಿ 1957ರಲ್ಲಿ ತೆರೆದ ಮಾನಸಿಕ ಆರೋಗ್ಯ ಕೇಂದ್ರವೂ ಬಂಧುಗಳು ರೋಗಿಯೊಡನೆ ಇರುವ ಪದ್ಧತಿಯನ್ನು ಇಟ್ಟುಕೊಂಡಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಕುಟುಂಬದವರೂ ಉಳಿಯುವ ವಾರ್ಡುಗಳಿವೆ.

ಇನ್ನು ಆಕ್ಷೇಪಣೆಗಳು. ಕಡೆಯವರಿಂದ ಸೋಂಕು ಹರಡುವುದೆಂಬ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. 1847ರಲ್ಲಿ ವಿಯೆನ್ನಾ ನಗರದ ಸೆಮ್ಮೆಲ್‌ವೈಸ್ ಬಾಣಂತಿಯರ ಸಾವಿಗೆ ಕಾರಣವನ್ನು ಹುಡುಕಿದಾಗ, ಸಿಕ್ಕಿದ್ದು ವೈದ್ಯರ ಕೈಗಳು ಎಂಬುದು ನಿಜ. ಬಂಧುಗಳನ್ನು ದೂಷಿಸುವವರು ಅದನ್ನು ನೆನಪಿಡಬೇಕು. ಆದರೆ 2018ರ ಮೇ ತಿಂಗಳಿನಲ್ಲಿ ಕೇರಳದ ಕೋಳಿಕ್ಕೋಡು ಮಲಪ್ಪುರಂ ಜಿಲ್ಲೆಗಳಲ್ಲಿ ನಿಪಾ ವೈರಸ್ ಕಾಣಿಸಿಕೊಂಡಾಗ, ರೋಗ ತಗುಲಿದವರಲ್ಲಿ ಬಹುಪಾಲು ಮಂದಿಗೆ ಅದು ತಗುಲಿದುದು ಆಸ್ಪತ್ರೆಗಳಲ್ಲಿಯೇ. ಅವರಲ್ಲಿ ರೋಗಿಗಳೊಡನೆ ಬಂದವರೂ ಇದ್ದರು, ಒಬ್ಬ ದಾದಿಯೂ ಪ್ರಾಣ ತೆತ್ತಳು. ಕೇರಳದಲ್ಲಿ ಕಡೆಯವರನ್ನು ಬೈಸ್ಟ್ಯಾಂಡರ್, ಎಂದರೆ ಬದಿಯಲ್ಲಿ ಸುಮ್ಮನೆ ನಿಂತವರು, ಎನ್ನುವುದು ರೂಢಿ. ಆದರೆ ವೈರಸ್ಸಿಗೆ ಸುಮ್ಮನೆ ನಿಂತವರೆಂಬುದಿಲ್ಲ. ಕ್ಷಯದಂಥ ಗಾಳಿಯಲ್ಲಿ ಹರಡುವ ರೋಗಗಳಿಗೆ, ಇಕ್ಕಟ್ಟಾದ ಓಣಿಯಲ್ಲಿ ಸಾಲಾಗಿ ಮಲಗಿದ ಜನರಿಗಿಂತ ಒಳ್ಳೆಯ ಹೊಲ ಬೇರೊಂದಿಲ್ಲ. ಈ ವಾದವನ್ನು ನಾನು ಒಪ್ಪುತ್ತೇನೆ. ಅದರಿಂದ ತೆಗೆಯುವ ತೀರ್ಮಾನವನ್ನು ಮಾತ್ರ ಒಪ್ಪಲಾರೆ. ಕೆಲಸಕ್ಕಾಗಿ ಹೇಗಿದ್ದರೂ ಒಳಗೆ ಬರಲೇಬೇಕಾದವರನ್ನು ಓಣಿಗೆ ಅಟ್ಟಿದರೆ ಸೋಂಕು ಕಡಮೆಯಾಗುವುದಿಲ್ಲ. ಒಬ್ಬ ರೋಗಿಗೆ ಒಬ್ಬರೇ ಎಂಬ ಕಟ್ಟು, ಗಾಳಿಯಾಡುವ ಮಲಗುವ ಜಾಗ, ವಾರ್ಡಿನ ಬಾಗಿಲಲ್ಲಿ ನೀರೂ ಸೋಪೂ, ಅಂಟುರೋಗದ ಕಾಲಕ್ಕೆ ಮುಖಗವುಸು: ಇವು ಕಡಮೆ ಮಾಡುವುವು. 2020 ಮತ್ತು 2021ರಲ್ಲಿ ಕೋವಿಡ್ ರೋಗಿಗಳು ತಮ್ಮವರ ಮುಖ ಕಾಣದೆಯೇ ಹೋದುದನ್ನು ಕಂಡ ಮೇಲೆ, ಸಂಪೂರ್ಣ ನಿಷೇಧದ ಬೆಲೆಯನ್ನು ನಾನು ವಿವರಿಸಬೇಕಾಗಿಲ್ಲ.

ಇನ್ನೊಂದು ಎಚ್ಚರಿಕೆ ನನ್ನ ಪಕ್ಷದವರಿಗೇ ಬೇಕಾದುದು. ಮನೆಯವರು ಇಷ್ಟು ಉಪಯುಕ್ತರಾದರೆ, ದಾದಿಯರ, ಅಂಗಸಾಧನೆ ಮಾಡಿಸುವ ಚಿಕಿತ್ಸಕರ ಕೆಲಸವನ್ನೆಲ್ಲ ಅವರಿಗೇ ವಹಿಸಿ ಹಣ ಉಳಿಸಬಾರದೇ ಎಂದು ಕೇಳುವವರು ಇದ್ದಾರೆ. ಪಾರ್ಶ್ವವಾಯು ಬಡಿದವರ ವಿಷಯದಲ್ಲಿ ಇದನ್ನು ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ಪರೀಕ್ಷಿಸಿದರು. ಮನೆಯವರಿಗೆ ವ್ಯಾಯಾಮ ಮಾಡಿಸುವುದನ್ನು ಕಲಿಸಿ ಕಳುಹಿಸಿದ ಗುಂಪಿನಲ್ಲಿಯೂ, ಕಲಿಸದ ಗುಂಪಿನಲ್ಲಿಯೂ ಆರು ತಿಂಗಳ ಮೇಲೆ ತೀರಿಕೊಂಡವರು ಅಥವಾ ಪರಾಧೀನರಾಗಿ ಉಳಿದವರು ನೂರಕ್ಕೆ 47ರಷ್ಟೇ ಇದ್ದರು. 2017ರಲ್ಲಿ ಪ್ರಕಟವಾದ ಈ ಫಲ ನನ್ನಂಥವರಿಗೆ ನಿರಾಶೆಯುಂಟುಮಾಡಿದರೂ ಬಹಳ ಬೆಲೆಯುಳ್ಳದ್ದು. ತಾಯಿಯ ಎದೆ ಮಾಡುವುದನ್ನು ಗಾಜಿನ ಪೆಟ್ಟಿಗೆ ಮಾಡಲಾರದು. ನುರಿತ ಚಿಕಿತ್ಸಕನು ಮಾಡುವುದನ್ನು ಮಗ ಮಾಡಲಾರನು. ಕಡೆಯವರನ್ನು ಒಳಗೆ ಕರೆಯುವ ನೆಪದಲ್ಲಿ ದಾದಿಯರ ಹುದ್ದೆಗಳನ್ನು ಖಾಲಿ ಬಿಡುವ ಸರಕಾರವನ್ನು ಸಮರ್ಥಿಸಲು ಈ ಲೇಖನವನ್ನು ಯಾರೂ ಬಳಸದಿರಲಿ.

ಕೊನೆಗೆ ಹಣದ ಮಾತು. ಕೂಲಿ ಮಾಡುವವರ ಮನೆಯಲ್ಲಿ ಒಬ್ಬರು ಮಲಗಿದರೆ, ಇನ್ನೊಬ್ಬರು ಜೊತೆಗೆ ಹೋದುದರಿಂದ ಎರಡು ಕೂಲಿ ನಿಲ್ಲುತ್ತದೆ. ಸರಕಾರದ ವಿಮೆಯ ಯೋಜನೆಗಳು ಶಸ್ತ್ರಚಿಕಿತ್ಸೆಗೆ ಹಣ ಕೊಡುತ್ತವೆ; ಬಸ್ಸು, ಊಟ, ನಿಂತ ಕೂಲಿಗಳು ಮನೆಯವರ ಪಾಲು. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಆಸ್ಪತ್ರೆ ಸೇರಿದವರ ವೆಚ್ಚವನ್ನು ಲೆಕ್ಕಹಾಕುವಾಗ ಪ್ರಯಾಣ, ಊಟ, ಜೊತೆಗಾರರ ವಸತಿಗಳನ್ನು ವೈದ್ಯಕೀಯವಲ್ಲದ ವೆಚ್ಚವೆಂದು ಬೇರೆಯಾಗಿ ಬರೆದುಕೊಳ್ಳುತ್ತಾರೆ. ಹೆಸರು ಹಾಗಿದ್ದರೂ, ಎಷ್ಟೋ ಮಂದಿ ಚಿಕಿತ್ಸೆಯನ್ನು ನಡುವೆಯೇ ಬಿಟ್ಟು ಊರಿಗೆ ಮರಳುವುದು ಈ ವೆಚ್ಚ ತಾಳಲಾರದೆಯೇ. ಒಂದೆಡೆ ಮಾತ್ರ ಸರಕಾರ ಇದನ್ನು ಒಪ್ಪಿಕೊಂಡಿದೆ. ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು ಸುಮಾರು ಎರಡು ವಾರ ಇರಿಸಿಕೊಳ್ಳುವ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ತಾಯಿಗೂ ಊಟ ಕೊಟ್ಟು, ನಷ್ಟವಾದ ಕೂಲಿಗಾಗಿ ದಿನಕ್ಕಿಷ್ಟು ಎಂದು ಹಣವನ್ನೂ ಕೊಡುವ ಏರ್ಪಾಡಿದೆ. ಕೊಡದಿದ್ದರೆ ತಾಯಿ ಉಳಿಯಲಾರಳು, ತಾಯಿ ಉಳಿಯದಿದ್ದರೆ ಮಗು ಉಳಿಯದು ಎಂಬುದನ್ನು ಅಲ್ಲಿ ಅನುಭವ ಕಲಿಸಿತು. ಈ ತತ್ತ್ವವನ್ನು ಮಕ್ಕಳ ವಾರ್ಡಿಗೂ ಹೆರಿಗೆಯ ವಾರ್ಡಿಗೂ ಮೊದಲು ವಿಸ್ತರಿಸಬಹುದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ನಿಮ್ಹಾನ್ಸ್‌ಗಳಲ್ಲಿ ದಾನಿಗಳ ನೆರವಿನಿಂದ ಆದ ಧರ್ಮಶಾಲೆಗಳಂಥವು ಜಿಲ್ಲೆಗೊಂದಾದರೂ ಬೇಕು. 2017ರಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನುಗಳಂಥ ಅಗ್ಗದ ಊಟದ ಮನೆಗಳಿಗೆ ಆಸ್ಪತ್ರೆಯ ಗೇಟಿಗಿಂತ ತಕ್ಕ ಸ್ಥಳ ಯಾವುದು? ದಿನಕ್ಕೆ ಅರ್ಧ ಗಂಟೆ ದಾದಿಯೊಬ್ಬರು ಕಡೆಯವರನ್ನು ಕೂರಿಸಿಕೊಂಡು ಕೈ ತೊಳೆಯುವುದನ್ನು, ಮಗ್ಗುಲು ಬದಲಾಯಿಸುವುದನ್ನು, ಊದಿದ ಕೈಯನ್ನು ಗುರುತಿಸುವುದನ್ನು ಹೇಳಿಕೊಡಬೇಕು. ಆ ಅರ್ಧ ಗಂಟೆಯನ್ನು ಅವರ ಕೆಲಸದ ವೇಳೆಯಲ್ಲಿಯೇ ಎಣಿಸಬೇಕು.

ಇದನ್ನು ಓದುವ ವಿದ್ಯಾರ್ಥಿಗಳು ತಮ್ಮ ತಾಲೂಕಿನ ಆಸ್ಪತ್ರೆಯಲ್ಲಿ ಒಂದು ಸಣ್ಣ ಸಮೀಕ್ಷೆ ನಡೆಸಬಹುದು. ಮುಖ್ಯ ವೈದ್ಯಾಧಿಕಾರಿಗಳ ಅಪ್ಪಣೆ ಪಡೆದು, ನಾಲ್ಕು ಮಂದಿ ಗೆಳೆಯರು ಸೇರಿ, ಒಂದು ವಾರ ಬರೆದುಕೊಳ್ಳಿರಿ: ತುಂಬಿದ ಹಾಸಿಗೆಗಳು ಎಷ್ಟು, ಕಡೆಯವರು ಎಷ್ಟು, ಅವರಲ್ಲಿ ಹೆಂಗಸರೆಷ್ಟು, ಎಷ್ಟು ಮೈಲಿ ದೂರದಿಂದ ಬಂದವರು, ಎಷ್ಟು ದಿನದ ಕೂಲಿ ಬಿಟ್ಟವರು, ನೀರು ಬರುವ ನಲ್ಲಿಗಳೆಷ್ಟು, ಸೋಪಿರುವುವು ಎಷ್ಟು, ಹೆಂಗಸರು ಬಳಸಬಹುದಾದ, ಒಳಗಿನಿಂದ ಅಗುಳಿ ಬೀಳುವ ಕಕ್ಕಸುಗಳೆಷ್ಟು. ಯಾರ ಹೆಸರನ್ನೂ ಬರೆದುಕೊಳ್ಳಬೇಡಿರಿ, ಯಾರ ರೋಗವನ್ನೂ ಕೇಳಬೇಡಿರಿ. ಲೆಕ್ಕವನ್ನು ರಾತ್ರಿ ಒಂಬತ್ತರ ಮೇಲೆ ಇನ್ನೊಮ್ಮೆ ಮಾಡಬೇಕು; ಹಗಲಿನಲ್ಲಿ ಎಣಿಸಿದ ಸಂಖ್ಯೆಯೂ ರಾತ್ರಿಯ ಸಂಖ್ಯೆಯೂ ಒಂದೇ ಆಗಿರುವುದಿಲ್ಲ. ಮಳೆ ಬಂದ ರಾತ್ರಿಯದನ್ನು ಬೇರೆಯಾಗಿ ಗುರುತುಹಾಕಿಕೊಳ್ಳಿರಿ.